ಹಲ್ಲಿದೆ, ಕಡಲೆ ಇಲ್ಲ

ಜೂನ್ ಮೊದಲ ವಾರ. ಕಾರವಾರದಲ್ಲಿ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ನನ್ನ ಖಾನಾವಳಿಯ ಹಿಂದಿನ ಶೆಡ್ಡಿಗೆ ಹೋಗಿ ಪೆಲೆಟ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಉರುವಲಿನ ಚೀಲ ಬಿಚ್ಚಿ ಕೈ ಹಾಕಿದೆ. ಗಟ್ಟಿ ಕಡ್ಡಿಗಳು ಸಿಗಬೇಕಿತ್ತು. ಸಿಕ್ಕಿದ್ದು ಹಿಟ್ಟು. ನೆನೆಸಿಟ್ಟ ಬೂಸಾದ ಹಾಗೆ ಉಬ್ಬಿ, ಮೆತ್ತಗಾಗಿ, ಬೆರಳ ಸಂದಿಯಲ್ಲಿ ಜಾರುವ ಹಿಟ್ಟು. ಮಾಡು ಸೋರಿರಲಿಲ್ಲ. ನೆಲದ ತಂಡಿ ಮತ್ತು ಗಾಳಿಯ ತೇವ ಎರಡೇ ಸೇರಿ ಆರು ಚೀಲವನ್ನು ತಿಂದುಹಾಕಿದ್ದವು. ಅವತ್ತು ಶಿರಸಿಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ, "ಯಂತ್ರದ್ದೇನೂ ತೊಂದರೆ ಇಲ್ಲ ಅಲ್ವಾ?" ಅಂದ. ಇಲ್ಲ ಅಂದೆ. ಯಂತ್ರದ್ದು ಯಾವತ್ತೂ ತೊಂದರೆ ಇರಲಿಲ್ಲ.

ಅವನು ಮಾಡಿದ ಪೆಲೆಟ್ ಗ್ರಿಲ್, ಅಂದರೆ ಈ ಪೆಲೆಟ್ ಉರಿಸಿ ಮೀನು ಸುಡುವ ಯಂತ್ರದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಒಳ್ಳೆಯ ವಸ್ತು ಯಾಕೆ ಮಾರಾಟ ಆಗುವುದಿಲ್ಲ ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವನ ಯಂತ್ರ ನನ್ನ ಅಡುಗೆಮನೆಯಲ್ಲಿ ಮೂರು ವರ್ಷದಿಂದ ಇದೆ. ಅವನ ಲೆಕ್ಕದ ಪುಸ್ತಕವನ್ನೂ ನಾನು ನೋಡಿದ್ದೇನೆ.

ಅವನು ಮತ್ತು ನಾನು ಕಾರವಾರದ ಪಾಲಿಟೆಕ್ನಿಕ್‌ನಲ್ಲಿ ಒಟ್ಟಿಗೆ ಓದಿದವರು. ಶಿರಸಿಯಲ್ಲಿ ಅವನದು ಫ್ಯಾಬ್ರಿಕೇಶನ್ ಕೆಲಸ. ಗೇಟು, ಶಟರ್, ಅಡಿಕೆ ಒಣಗಿಸುವ ಚಪ್ಪರದ ಪೈಪು, ಕಿಟಕಿಯ ಸರಳು. ಒಂದು ದಿನ ಅಮೆರಿಕದಿಂದ ಊರಿಗೆ ವಾಪಸ್ ಬಂದ ಒಬ್ಬರು ಅಲ್ಲಿ ಬಳಸುತ್ತಿದ್ದ ಪೆಲೆಟ್ ಗ್ರಿಲ್ಲನ್ನು ಮನೆ ಸಾಮಾನಿನ ಜೊತೆ ಹಡಗಿನಲ್ಲಿ ತರಿಸಿಕೊಂಡಿದ್ದರು. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಇದು ನೆನಪಿಲ್ಲದೆ ಪ್ಲಗ್ ಹಾಕಿದ್ದಾರೆ, ಒಳಗಿನ ಬೋರ್ಡು ಸುಟ್ಟಿದೆ. ರಿಪೇರಿಗೆ ಯಾರ ಹತ್ತಿರ ಹೋಗುವುದು? ಅಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಅಂದಮೇಲೆ ವೆಲ್ಡಿಂಗ್ ಶಾಪೇ ಸರಿ ಅಂತ ಇವನಲ್ಲಿಗೆ ತಂದರು.

ಅವನು ಅದನ್ನು ಬಿಚ್ಚಿ ನೋಡಿದ್ದೇ ಎಲ್ಲದಕ್ಕೂ ಶುರು.

ಒಳಗೆ ಇರುವುದು ಬಹಳ ಸರಳ. ಪಕ್ಕದಲ್ಲಿ ಪೆಲೆಟ್ ತುಂಬುವ ಡಬ್ಬ. ಅದರ ಕೆಳಗೆ ಉದ್ದದ ಒಂದು ಸ್ಕ್ರೂ. ಗಿರಣಿಯಲ್ಲಿ ಕಾಳು ತಳ್ಳುವ ಸ್ಕ್ರೂ ಇರುತ್ತದಲ್ಲ, ಅಂಥದ್ದೇ. ಅದು ನಿಧಾನಕ್ಕೆ ತಿರುಗಿ ಪೆಲೆಟ್ಟನ್ನು ಒಂದು ಸಣ್ಣ ಬೋಗುಣಿಗೆ ಬೀಳಿಸುತ್ತದೆ. ಬೋಗುಣಿಯಲ್ಲಿ ಕಾದು ಕೆಂಪಗಾಗುವ ಒಂದು ಕಡ್ಡಿ, ಬೆಂಕಿ ಹೊತ್ತಿಸಲಿಕ್ಕೆ. ಕೆಳಗಿನಿಂದ ಗಾಳಿ ಊದುವ ಫ್ಯಾನು. ಮೇಲೆ ಶಾಖ ಅಳೆಯುವ ಕಡ್ಡಿ. ಶಾಖ ಕಡಿಮೆಯಾದರೆ ಸ್ಕ್ರೂ ಜಾಸ್ತಿ ತಿರುಗುತ್ತದೆ, ಹೆಚ್ಚಾದರೆ ನಿಲ್ಲುತ್ತದೆ. ಅಷ್ಟೇ. ಒಲೆ ಮುಂದೆ ಕೂತು ಕಟ್ಟಿಗೆ ದೂಡುವ ಕೆಲಸವನ್ನು ಒಂದು ಮೋಟಾರಿಗೆ ಕೊಟ್ಟಿದ್ದಾರೆ. ನನ್ನ ಅಮ್ಮ ಜೀವನದ ಅರ್ಧ ಭಾಗ ಮಾಡಿದ ಕೆಲಸ ಅದು. ಹಾಗಾಗಿ ಮೊದಲ ಸಲ ಅದು ತಾನಾಗಿ ಉರಿಯುವುದನ್ನು ನೋಡಿದಾಗ ನನಗೆ ಮಾತು ಬರಲಿಲ್ಲ.

ಇದನ್ನು ಮೊದಲು ಮಾಡಿದ್ದು ಅಮೆರಿಕದ ಓರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನ ಜೋ ಟ್ರೇಗರ್. 1985ರ ಸುಮಾರಿಗೆ. ಮನೆ ಬೆಚ್ಚಗಿಡುವ ಒಲೆಗಳ ವ್ಯಾಪಾರ ಅವರ ಕುಟುಂಬದ್ದು. 1970ರ ದಶಕದಲ್ಲಿ ಎಣ್ಣೆ ಬೆಲೆ ಏರಿದಾಗ ಅಲ್ಲಿ ಮರದ ಪುಡಿಯ ಪೆಲೆಟ್ ಉರುವಲಾಗಿ ಬಂದಿತ್ತು. ಅದನ್ನು ಅವರು ಅಡುಗೆಗೆ ತಿರುಗಿಸಿದರು. 1986ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ 20 ವರ್ಷ ಇದು ಹೆಚ್ಚುಕಡಿಮೆ ಒಂದೇ ಕಂಪನಿಯ ಮಾಲು, ಅದೂ ಅಂಥ ದೊಡ್ಡ ಮಾರುಕಟ್ಟೆ ಏನಲ್ಲ. 2006ರಲ್ಲಿ ಪೇಟೆಂಟ್ ಮುಗಿದ ಮೇಲೆ ಉಳಿದವರೆಲ್ಲ ನುಗ್ಗಿದರು. ಕೊರೋನಾ ಬಂದಾಗ ಜನ ಮನೆಯಲ್ಲೇ ಉಳಿದರು, ಗ್ರಿಲ್ ಮಾರಾಟ ಮೇಲೆ ಹೋಯಿತು. 2021ರ ಜುಲೈಯಲ್ಲಿ ಟ್ರೇಗರ್ ಕಂಪನಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು, ಷೇರಿಗೆ 18 ಡಾಲರ್. ಮರುವರ್ಷದ ಕೊನೆಗೆ ಅದೇ ಷೇರು 3 ಡಾಲರ್ ಆಸುಪಾಸು. ಬೇಕಾದವರು ಎರಡು ವರ್ಷದಲ್ಲಿ ತೆಗೆದುಕೊಂಡಾಗಿತ್ತು. ಗ್ರಿಲ್ಲನ್ನು ಯಾರೂ ವರ್ಷ ವರ್ಷ ಕೊಳ್ಳುವುದಿಲ್ಲ.

ಇನ್ನೊಂದು ಕಥೆ ವೆಬರ್ ಕಂಪನಿಯದು. ಇದ್ದಿಲಿನ ಗ್ರಿಲ್ಲಿಗೆ ಹೆಸರಾದ ಕಂಪನಿ. ಪೆಲೆಟ್ ಗ್ರಿಲ್ ಹೊಗೆ ಕೊಡುತ್ತದೆ, ಆದರೆ ಜೋರು ಉರಿ ಕೊಡುವುದಿಲ್ಲ ಎಂಬ ದೂರು ಮೊದಲಿನಿಂದ ಇತ್ತು. 2020ರಲ್ಲಿ ಅವರು ಸ್ಮೋಕ್‌ಫೈರ್ ಎಂಬ ಗ್ರಿಲ್ ತಂದರು. ನಿಧಾನದ ಹೊಗೆಯೂ ಆಗುತ್ತದೆ, 315 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ ಅಂದರು. ಯೋಚನೆ ತುಂಬಾ ಒಳ್ಳೆಯದು. ಆದರೆ ಮೊದಲು ಕೊಂಡವರಲ್ಲಿ ಹಲವರು ಎರಡು ತೊಂದರೆ ಹೇಳಿದರು. ಕೊಬ್ಬು ಕೆಳಗೆ ಸೇರಿ ಹೊತ್ತಿಕೊಳ್ಳುವುದು ಒಂದು. ಪೆಲೆಟ್ ಡಬ್ಬದಲ್ಲೇ ಕಮಾನು ಕಟ್ಟಿ ಕೆಳಗೆ ಜಾರದೆ ಇರುವುದು ಇನ್ನೊಂದು. ಕಂಪನಿ ಸಾಫ್ಟ್‌ವೇರ್ ಬದಲಿಸಿತು, ಬಿಡಿಭಾಗ ಬದಲಿಸಿತು. ಆದರೂ ಮೊದಲ ವರ್ಷ ಹೋದ ಹೆಸರು ಪೂರ್ತಿ ವಾಪಸ್ ಬರಲಿಲ್ಲ. 2024ರಲ್ಲಿ ಸೀಯರ್‌ವುಡ್ ಅಂತ ಬೇರೆ ಹೆಸರಿನಲ್ಲೇ ಹೊಸ ಗ್ರಿಲ್ ತಂದರು.

ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಓದುವಾಗ ಮೈ ಜುಮ್ಮೆಂದಿತು. ಯಾಕೆಂದರೆ ಶಿರಸಿಯ ಗೆಳೆಯನ ಶೆಡ್ಡಿನಲ್ಲಿ ನಾವು ಜಗಳ ಆಡುತ್ತಾ ಕೂತದ್ದು ಜೋರು ಉರಿ, ಕೊಬ್ಬಿನ ಬೆಂಕಿ ಇವೇ ಎರಡು ವಿಷಯಕ್ಕೆ.

ನಮ್ಮ ಕಡೆಯ ಅಡುಗೆ ಬೇರೆ ಅಲ್ವಾ? ಅಮೆರಿಕದವರು ದೊಡ್ಡ ಮಾಂಸದ ತುಂಡನ್ನು 110 ಡಿಗ್ರಿಯಲ್ಲಿ ಹತ್ತು ಹನ್ನೆರಡು ತಾಸು ಇಡುತ್ತಾರೆ. ಪೆಲೆಟ್ ಗ್ರಿಲ್ ಹುಟ್ಟಿದ್ದೇ ಅಂಥ ಅಡುಗೆಗೆ. ಬಂಗಡೆಗೆ ಹಾಗೆ ಮಾಡಿದರೆ ಒಣಮೀನು ಸಿಗುತ್ತದೆ. ಬಂಗಡೆಗೆ ಬೇಕಾದದ್ದು ಜೋರು ಉರಿ, ಆರೆಂಟು ನಿಮಿಷ, ಚರ್ಮ ಚುರುಗುಟ್ಟಬೇಕು, ಒಳಗೆ ರಸ ಉಳಿಯಬೇಕು. ಶೆಟ್ಲಿಗೆ, ಅಂದರೆ ಸಿಗಡಿಗೆ, ಅದಕ್ಕಿಂತ ಕಡಿಮೆ ಹೊತ್ತು. ಇಸ್ವಾಣ ಮೀನಿನ ದಪ್ಪ ತುಂಡಿಗೆ ಸ್ವಲ್ಪ ಜಾಸ್ತಿ. ಅದಕ್ಕೇ ಗೆಳೆಯ ಬೆಂಕಿಯ ಬೋಗುಣಿಯ ಮೇಲಿನ ತಗಡಿಗೆ ಒಂದು ಜಾರುವ ಬಾಗಿಲು ಇಟ್ಟ. ಮುಚ್ಚಿದರೆ ಓವನ್, ತೆಗೆದರೆ ಉರಿ ನೇರ ಮೀನಿಗೆ. ಮೊದಲ ದಿನವೇ ಬಂಗಡೆಯ ಎಣ್ಣೆ ಬೋಗುಣಿಗೆ ಬಿದ್ದು ಉರಿ ನನ್ನ ಎದೆ ಮಟ್ಟಕ್ಕೆ ಎದ್ದಿತು. ಮಳೆಗಾಲ ಕಳೆದ ಮೇಲೆ ಬರುವ ಬಂಗಡೆಯಲ್ಲಿ ಎಣ್ಣೆ ಎಷ್ಟಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮೂರು ವಾರ ತಲೆ ಕೆಡಿಸಿಕೊಂಡ. ಕೊನೆಗೆ ಹಂಚಿನ ಮಾಡನ್ನು ನೋಡಿ ಉಪಾಯ ಹೊಳೆಯಿತು ಅಂದ. ಮೀನಿನ ಕೆಳಗೆ ವಿ ಆಕಾರದ ಪಟ್ಟಿಗಳು, ಒಂದರ ಪಕ್ಕ ಒಂದು, ಎಲ್ಲ ಓರೆಯಾಗಿ. ಎಣ್ಣೆ ಪಟ್ಟಿಯಲ್ಲಿ ಹರಿದು ಹೊರಗಿನ ಡಬ್ಬಕ್ಕೆ ಹೋಗುತ್ತದೆ, ಉರಿ ಸಂದಿಯಿಂದ ಮೇಲೆ ಬರುತ್ತದೆ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಕರೆಂಟು. ಪೆಲೆಟ್ ಗ್ರಿಲ್ಲಿಗೆ ಕರೆಂಟು ಹೋದರೆ ಸ್ಕ್ರೂ ನಿಂತಿತು, ಫ್ಯಾನ್ ನಿಂತಿತು, ಬೆಂಕಿ ಸತ್ತಿತು. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಗೆಳೆಯ ಎಲ್ಲವನ್ನೂ 12 ವೋಲ್ಟಿಗೆ ಇಳಿಸಿದ. ಸ್ಕ್ರೂ ತಿರುಗಿಸಲಿಕ್ಕೆ ಲಾರಿಯ ವೈಪರ್ ಮೋಟಾರು. ಊದಲಿಕ್ಕೆ ಸಣ್ಣ ಬ್ಲೋವರ್. ಹೊತ್ತಿಸುವ ಕಡ್ಡಿಯನ್ನು ತೆಗೆದೇಬಿಟ್ಟ, ಯಾಕೆಂದರೆ ಕರೆಂಟು ಜಾಸ್ತಿ ಎಳೆಯುವುದು ಅದೇ. ಒಂದು ಹಿಡಿ ತೆಂಗಿನ ನಾರು, ಒಂದು ಕಡ್ಡಿ ಗೀರಿದರೆ ಆಯಿತು. ಮನೆಯ ಇನ್ವರ್ಟರ್ ಬ್ಯಾಟರಿಗೆ ಸಿಕ್ಕಿಸಿದರೆ ರಾತ್ರಿಯಿಡೀ ಓಡುತ್ತದೆ. ರಿಪೇರಿಗೆ ಬೇಕಾದ ಸಾಮಾನು ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ನನ್ನ ಪ್ರಕಾರ ಈ ಯಂತ್ರದ ನಿಜವಾದ ಹೊಸತನ ಇದು. ಬೇರೆ ದೇಶದಲ್ಲಿ ಮೊಬೈಲಿನಿಂದ ಗ್ರಿಲ್ ನಡೆಸುತ್ತಾರೆ. ನಮಗೆ ಬೇಕಾದದ್ದು ಕರೆಂಟಿಲ್ಲದೆ ನಡೆಯುವ ಗ್ರಿಲ್.

ರುಚಿಯ ಮಾತು ಹೇಳದೆ ಮುಂದೆ ಹೋಗಲಾರೆ. ಇದ್ದಿಲಿನಲ್ಲಿ ಸುಟ್ಟ ಮೀನಿಗೆ ಒಂದು ಖಾರದ ವಾಸನೆ ಇರುತ್ತದೆ, ಎಣ್ಣೆ ಕೆಂಡಕ್ಕೆ ಬಿದ್ದು ಎದ್ದ ಹೊಗೆ ಅದು. ಪೆಲೆಟ್ಟಿನದು ಹಾಗಲ್ಲ. ಬೆಂಕಿ ಸ್ವಚ್ಛ, ಹೊಗೆ ತೆಳು. ಬಾಗಿಲು ಮುಚ್ಚಿ ಹತ್ತು ನಿಮಿಷ ಸಣ್ಣ ಉರಿಯಲ್ಲಿಟ್ಟು, ಆಮೇಲೆ ತೆಗೆದು ಜೋರು ಮಾಡಿದರೆ ಇಸ್ವಾಣಕ್ಕೆ ಹಳೆ ಅಡುಗೆಮನೆಯ ಪರಿಮಳ ಬರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಾಗೆ, ಮುರುಗಲಿನ ಹುಳಿ ಸಿಪ್ಪೆ ಒಣಗುತ್ತಿದ್ದ ಕಾಲದ ಪರಿಮಳ. ಕುಮಟೆಯಿಂದ ಬರುವ ಒಬ್ಬ ಅಜ್ಜ ಬೇರೆ ಏನೂ ಹೇಳುವುದಿಲ್ಲ, "ಹೊಗೆ ಹಾಕಿದ್ದು ಕೊಡು ತಮಾ" ಅನ್ನುತ್ತಾರೆ.

ಆದರೆ ಮಾರಾಟ? ನಾಲ್ಕು ವರ್ಷದಲ್ಲಿ 14 ಯಂತ್ರ. ಗೋಕರ್ಣಕ್ಕೆ ಐದು, ಕಾರವಾರಕ್ಕೆ ಮೂರು, ಮುರ್ಡೇಶ್ವರಕ್ಕೆ ಎರಡು, ಉಳಿದದ್ದು ಗೋವಾ ಕಡೆ. ಅದರಲ್ಲಿ ಇವತ್ತು ದಿನಾ ಉರಿಯುವುದು ಆರೇ ಆರು.

ಬೆಲೆ ಒಂದು ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಕಬ್ಬಿಣದ್ದು 38 ಸಾವಿರ. ಆದರೆ ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಎರಡೇ ಮಳೆಗಾಲ ಬಾಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ 60 ಸಾವಿರ ದಾಟುತ್ತದೆ. ಡ್ರಮ್ ಅರ್ಧ ಕತ್ತರಿಸಿ ಮಾಡಿದ ಇದ್ದಿಲಿನ ಗ್ರಿಲ್ಲು ಮೂರು ನಾಲ್ಕು ಸಾವಿರಕ್ಕೆ ಸಿಗುತ್ತದೆ. ಬೀಚಿನ ಅಂಗಡಿಯವನಿಗೆ ಅಕ್ಟೋಬರಿಂದ ಮೇವರೆಗೆ ವ್ಯಾಪಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನೂ ಕಡಿಮೆ, ಜನವೂ ಕಡಿಮೆ. ಇಷ್ಟು ದುಡ್ಡು ಹಾಕಿ ನಾಲ್ಕೈದು ತಿಂಗಳು ಮುಚ್ಚಿಡು ಅಂದರೆ ಯಾರು ಒಪ್ಪುತ್ತಾರೆ? ಇನ್ನು ನಮ್ಮ ಊರಿನ ಗಿರಾಕಿಗೆ ಬೇಕಾದದ್ದು ತವಾ ಫ್ರೈ, ರವಾ ಫ್ರೈ. ಸುಟ್ಟದ್ದು ಕೇಳುವವರು ಪ್ರವಾಸಿಗರೇ ಜಾಸ್ತಿ.

ಆದರೂ ಉರಿಯದೆ ನಿಂತ ಎಂಟು ಯಂತ್ರದ ಮಾಲೀಕರಲ್ಲಿ ಒಬ್ಬರೂ ಬೆಲೆಯ ಮಾತು ಆಡಲಿಲ್ಲ. ದುಡ್ಡು ಕೊಟ್ಟಾಗಿತ್ತಲ್ಲ. ಗೆಳೆಯ ಮತ್ತು ನಾನು ಒಂದೊಂದೇ ಕಡೆ ಹೋಗಿ ಕೇಳಿದೆವು. ಎಲ್ಲರದ್ದೂ ಒಂದೇ ಉತ್ತರ. ಪೆಲೆಟ್ ಸಿಗುವುದಿಲ್ಲ. ಸಿಕ್ಕಿದರೂ ಸರಿ ಇರುವುದಿಲ್ಲ.

ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುವ ಗಾದೆ ನಮ್ಮ ವಿಷಯದಲ್ಲಿ ಅಕ್ಷರಕ್ಕೆ ಅಕ್ಷರ ನಿಜವಾಯಿತು.

ಪೆಲೆಟ್ ಅಂದರೆ ಮರದ ಪುಡಿಯನ್ನು ಒಣಗಿಸಿ, ನುಣ್ಣಗೆ ಮಾಡಿ, ತೂತಿರುವ ಉಕ್ಕಿನ ಅಚ್ಚಿನ ಮೂಲಕ ಭಾರೀ ಒತ್ತಡದಲ್ಲಿ ದೂಡಿದಾಗ ಬರುವ ಕಡ್ಡಿ. ಶಾವಿಗೆ ಒತ್ತಿದ ಹಾಗೆ. ಒತ್ತುವಾಗ ಬಿಸಿಗೆ ಮರದೊಳಗಿನ ಲಿಗ್ನಿನ್ ಎಂಬ ವಸ್ತು ಮೆತ್ತಗಾಗಿ ಅಂಟಿನ ಕೆಲಸ ಮಾಡುತ್ತದೆ. ಹೊರಗಿನ ಅಂಟು ಬೇಕಾಗಿಲ್ಲ. ಅದಕ್ಕೇ ಇದು ಅಡುಗೆಯ ಬೆಂಕಿಗೆ ಆಗುತ್ತದೆ, ಅದಕ್ಕೇ ನೀರು ತಾಗಿದರೆ ಕರಗುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಇದನ್ನು ಉಳಿಸಿಕೊಳ್ಳುವುದೇ ಒಂದು ಕೆಲಸ. ಈಗ ನಾನು ಮುಚ್ಚಳ ಬಿಗಿಯಿರುವ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಹಲಗೆ ಮೇಲೆ ಇಡುತ್ತೇನೆ.

ತರುವುದು ಎಲ್ಲಿಂದ? ನಮ್ಮ ದೇಶದಲ್ಲಿ ಪೆಲೆಟ್ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಅದು ಬಾಯ್ಲರಿಗೆ. 2021ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು 5% ಜೈವಿಕ ಪೆಲೆಟ್ ಸೇರಿಸಿ ಸುಡಬೇಕು ಅಂತ ನಿಯಮ ಮಾಡಿತು. ಒಳ್ಳೆಯದೇ. ಆದರೆ ಲಾರಿಗಟ್ಟಲೆ ಕೊಳ್ಳುವವರು ಇರುವಾಗ ತಿಂಗಳಿಗೆ ಒಂದು ಟನ್ ಕೇಳುವ ನಮ್ಮಂಥವರಿಗೆ ಕಾರ್ಖಾನೆಯವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ಕೊಟ್ಟರೂ 8 ಮಿಲಿಮೀಟರ್ ದಪ್ಪದ್ದು ಕೊಡುತ್ತಾರೆ, ನಮ್ಮ ಸ್ಕ್ರೂಗೆ 6 ಬೇಕು. ಒಂದು ಸಲ ಬಂದ ಚೀಲದಲ್ಲಿ ಭತ್ತದ ಹೊಟ್ಟು ಬೆರೆತಿತ್ತು. ಒಳ್ಳೆಯ ಮರದ ಪೆಲೆಟ್ಟಿನಲ್ಲಿ ಬೂದಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಭತ್ತದ ಹೊಟ್ಟಿನಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಪಾಲು ಬೂದಿಯೇ. ಬೋಗುಣಿ ತುಂಬಿ ಬೆಂಕಿ ಉಸಿರುಕಟ್ಟಿತು. ಹನ್ನೆರಡು ಜನ ಎಲೆ ಮುಂದೆ ಕೂತಿದ್ದರು. ಅವತ್ತು ತವಾ ಹೊತ್ತಿಸಿ ಹೇಗೋ ಮಾನ ಉಳಿಸಿಕೊಂಡೆ. ಇನ್ನು ಪ್ಲೈವುಡ್, ಪಾಲಿಶ್ ಮಾಡಿದ ಪೀಠೋಪಕರಣದ ಪುಡಿ ಸೇರಿದ್ದಂತೂ ಮೀನಿನ ಹತ್ತಿರ ತರಲೇಬಾರದು. ಚೀಲದ ಮೇಲೆ ಏನಿದೆ ಅಂತ ಬರೆದಿರುವುದಿಲ್ಲ. ಮೂಸಿ ನೋಡಿ ತಿಳಿಯಬೇಕು.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಪೆಲೆಟ್ ಒಲೆಯೊಂದನ್ನು ಬ್ರಿಟಿಷ್ ಪೆಟ್ರೋಲಿಯಂ ಕಂಪನಿ 2006ರ ಸುಮಾರಿಗೆ ಊರ್ಜಾ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಬ್ಯಾಟರಿಯ ಸಣ್ಣ ಫ್ಯಾನು, ಹೊಗೆ ಬಹಳ ಕಡಿಮೆ, ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆಯಂಥ ಹೊಲದ ಉಳಿಕೆಯ ಪೆಲೆಟ್. ಮಹಾರಾಷ್ಟ್ರ, ಕರ್ನಾಟಕ ಮುಂತಾದ ಕಡೆ ಲಕ್ಷಗಟ್ಟಲೆ ಮನೆಗೆ ಹೋಯಿತು. ಆಮೇಲೆ ಆ ಸಿಪ್ಪೆಗಳಿಗೆ ಬೇರೆ ಕಡೆಯಿಂದಲೂ ಬೇಡಿಕೆ ಬಂತು, ಅವುಗಳ ಬೆಲೆ ಏರಿತು, ಪೆಲೆಟ್ ಬೆಲೆಯೂ ಏರಿತು. ಮನೆಯವರು ಒಬ್ಬೊಬ್ಬರಾಗಿ ಬಿಟ್ಟರು. 2009ರಲ್ಲಿ ಮೂಲ ಕಂಪನಿ ಕೈಬಿಟ್ಟಿತು, ಕೊಂಡ ಕಂಪನಿ ನಿಧಾನಕ್ಕೆ ಹೋಟೆಲುಗಳ ಕಡೆ ತಿರುಗಿತು. ಒಲೆ ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಹಾಕುವ ಉರುವಲು ಮನೆಯವರ ಕೈಯಲ್ಲಿ ಇರಲಿಲ್ಲ.

ಅದೇ ವಿಜ್ಞಾನ ಸಂಸ್ಥೆಯ ಇನ್ನೊಂದು ಒಲೆ ನನ್ನ ಅಮ್ಮನ ಅಡುಗೆಮನೆಯಲ್ಲಿತ್ತು. ಅಸ್ತ್ರ ಒಲೆ. 80ರ ದಶಕದಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಕಟ್ಟಿದ್ದು. ಸಾಲಾಗಿ ಪಾತ್ರೆ ಇಡುವ ಕಣ್ಣುಗಳು, ಹಿಂದೆ ಹೊಗೆ ಕೊಳವೆ. ಅಮ್ಮ ಅದಕ್ಕೆ ತೆಂಗಿನ ಮಡಲು, ಕರಟ, ಗೇರು ಕಟ್ಟಿಗೆ ಏನು ಸಿಕ್ಕಿತೋ ಅದು ಹಾಕುತ್ತಿದ್ದರು. ಅದರ ಉರುವಲಿಗೆ ಅಂಗಡಿಯೇ ಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಉರಿಯಿತು. ನಾನು ಗೆಳೆಯನಿಗೆ ಇದನ್ನೇ ಹೇಳಿದೆ. ಹದಿನೈದನೇ ಯಂತ್ರ ಮಾಡಬೇಡ ಮಾರಾಯ, ಮೊದಲು ಪೆಲೆಟ್ ಮಾಡು. ಯಂತ್ರ ಒಂದು ಸಲ ಮಾರುವುದು. ಪೆಲೆಟ್ ತಿಂಗಳು ತಿಂಗಳು ಮಾರುವುದು. ಅಮೆರಿಕದ ಕಂಪನಿಗಳೂ ತಮ್ಮ ಹೆಸರಿನ ಪೆಲೆಟ್ ಚೀಲ ಮಾರುತ್ತವೆ, ಅದು ಸುಮ್ನೆ ಅಲ್ಲ.

ಅವನಿಗೆ ಸಿಟ್ಟು ಬಂತು. ನಾಲ್ಕು ವರ್ಷ ಕಷ್ಟಪಟ್ಟು ಯಂತ್ರ ಮಾಡಿದವನಿಗೆ ಹೀಗೆ ಹೇಳಿದರೆ ಸಿಟ್ಟು ಬರದೆ ಇರುತ್ತದಾ? ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ದಿನ ಫೋನ್ ಬಂತು. ಹಳೆಯ ಪಶು ಆಹಾರದ ಪೆಲೆಟ್ ಮಿಷನ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ಅಚ್ಚು ಬದಲಿಸುತ್ತಿದ್ದೇನೆ ಅಂದ.

ಶಿರಸಿಯಲ್ಲಿ ಕಚ್ಚಾ ಮಾಲಿಗೆ ಬರವೇ? ಕೊಯ್ಲಿನ ಕಾಲದಲ್ಲಿ ತೋಟದವರ ಅಂಗಳದ ಪಕ್ಕ ಅಡಿಕೆ ಸಿಪ್ಪೆಯ ಗುಡ್ಡೆ ನೋಡಬೇಕು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ. ಸ್ವಲ್ಪ ಗೊಬ್ಬರದ ಗುಂಡಿಗೆ, ಸ್ವಲ್ಪ ಒಲೆಗೆ, ಉಳಿದದ್ದು ಅಲ್ಲೇ ಕೊಳೆಯುತ್ತದೆ. ಸಾ ಮಿಲ್ಲುಗಳಲ್ಲಿ ಮರದ ಪುಡಿ ಇದೆ. ಕರಾವಳಿಗೆ ಬಂದರೆ ಗೇರು ಸಿಪ್ಪೆಯೂ ಇದೆ, ಆದರೆ ಅದನ್ನು ಅಡುಗೆಗೆ ಮುಟ್ಟಬಾರದು. ಅದರ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣು ಗಂಟಲು ಉರಿಸುತ್ತದೆ. ಬೇಸಿಗೆಯಲ್ಲಿ ಗೇರುಬೀಜ ಸುಟ್ಟ ಮಕ್ಕಳಿಗೆಲ್ಲ ಇದು ಗೊತ್ತು. ಅಡಿಕೆ ಸಿಪ್ಪೆಯೂ ಸುಲಭದ್ದಲ್ಲ. ನಾರು ಹರಿಯುವುದಿಲ್ಲ, ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ಬೂದಿ ಮರಕ್ಕಿಂತ ಜಾಸ್ತಿ. ಅದಕ್ಕೇ ಅವನು ಮಾವಿನ ಮರದ ಪುಡಿ ಬೆರೆಸುತ್ತಿದ್ದಾನೆ. ಎಷ್ಟಕ್ಕೆ ಎಷ್ಟು ಅನ್ನುವುದೇ ಈಗಿನ ಪ್ರಶ್ನೆ.

ಮೊದಲ ಮಾದರಿ ಅಚ್ಚಿನಿಂದ ಹೊರಗೆ ಬಂದು ಪುಡಿಯಾಯಿತು. ಎರಡನೆಯದು ಗಟ್ಟಿ ಇತ್ತು, ಉರಿಯಲಿಲ್ಲ. ನಾಲ್ಕನೆಯದು ಹೋದ ತಿಂಗಳು ಬಂತು. ಶಿರಸಿಯಿಂದ ಬರುವ ಬಸ್ಸಿನಲ್ಲಿ ಹಾಕಿ ಕಳಿಸಿದ್ದ, ಹತ್ತು ಕಿಲೋ, ಎರಡು ಪ್ಲಾಸ್ಟಿಕ್ ಚೀಲದ ಒಳಗೆ ಬಿಗಿಯಾಗಿ ಕಟ್ಟಿದ್ದು. ಮುರಿದು ನೋಡಿದೆ, ಟಕ್ ಅಂತ ಮುರಿಯಿತು. ಬಣ್ಣ ಸ್ವಲ್ಪ ಕಪ್ಪು. ವಾಸನೆ ಮಾತ್ರ ಚೊಕ್ಕ.

ಸಂಜೆ ತೆಂಗಿನ ನಾರಿನಿಂದ ಹೊತ್ತಿಸಿದೆ. ಒಂದು ಕಿಲೋ ತೂಗಿ ಹಾಕಿದ್ದೆ. ನಲವತ್ತು ನಿಮಿಷ ಒಂದೇ ಸಮ ಉರಿಯಿತು. ಎರಡು ಬಂಗಡೆ, ಒಂದು ಇಸ್ವಾಣದ ಹೋಳು. ಅಡುಗೆಗೆ ಬರುವ ಅಕ್ಕ ತಿಂದು ನೋಡಿ, "ಮೊದಲಿನದಕ್ಕಿಂತ ಅಡ್ಡಿಲ್ಲ" ಅಂದರು. ಅವರು ಸುಲಭಕ್ಕೆ ಅಷ್ಟೂ ಹೇಳುವವರಲ್ಲ. ಬೆಂಕಿ ಆರಿದ ಮೇಲೆ ಬೋಗುಣಿ ತೆಗೆದು ಬೂದಿಯನ್ನು ಕಾಗದದ ಮೇಲೆ ಸುರಿದು, ಮಸಾಲೆ ತೂಗುವ ತಕ್ಕಡಿಯಲ್ಲಿ ಇಟ್ಟೆ. 27 ಗ್ರಾಂ. ಒಂದು ಗಟ್ಟಿ ಗಂಟೂ ಕಟ್ಟಿತ್ತು, ನೆಲಗಡಲೆಯಷ್ಟು ಗಾತ್ರ.

ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ಆ ಗಂಟು ಬೆರಳಲ್ಲಿ ಒತ್ತಿದರೆ ಒಡೆಯುತ್ತದಾ?"

ಒತ್ತಿದೆ. ಒಡೆಯಿತು.

"ಹಾಗಾದರೆ ಸಿಪ್ಪೆ ಇನ್ನು ಹತ್ತು ಪಾಲು ಕಡಿಮೆ ಮಾಡಿ ನೋಡ್ತೇನೆ. ಶುಕ್ರವಾರದ ಬಸ್ಸಿಗೆ ಹಾಕ್ತೇನೆ. ನೀನು ಬಂಗಡೆ ತಂದಿಟ್ಟಿರು."